ಬಿಲ್ಲೆ ಕೇಳಿದ ಅಣ್ಣ, ಎದುರು ಕೂತ ಅಣ್ಣ

ಬಹಳ ಹಿಂದೆ, ಹೊಳೆಗಳಿಗೆ ಇನ್ನೂ ಹೆಸರಿಡದಿದ್ದ ಕಾಲದಲ್ಲಿ, ಹೊಳೆಸಾಲು ಎಂಬ ರಾಜ್ಯದಲ್ಲಿ ಅಂಬಿಗರ ಹೆಂಗಸೊಬ್ಬಳಿದ್ದಳು. ಅವಳಿಗೆ ಇಬ್ಬರು ಮಕ್ಕಳು. ದೊಡ್ಡವನು ಕನಕಪ್ಪ, ಚಿಕ್ಕವಳು ಹುಲಿಗೆವ್ವ. ಇಬ್ಬರೂ ನಡೆಯಲು ಕಲಿಯುವ ಮೊದಲೇ ಹರಿಗೋಲು ಹತ್ತಿದವರು. ಹರಿಗೋಲು ಬುಟ್ಟಿಯಂತೆ ದುಂಡಗಿನ ದೋಣಿ. ಭಾರವೆಲ್ಲ ಒಂದೇ ಕಡೆ ಬಿದ್ದರೆ ಮಗುಚುತ್ತದೆ. ಅದಕ್ಕೇ ತಂಗಿ ಒಂದು ಅಂಚಿಗೆ ಕೂತರೆ ಅಣ್ಣ ಎದುರಿನ ಅಂಚಿಗೆ ಕೂರುತ್ತಿದ್ದ. ಅವಳು ಗೇಣು ಸರಿದರೆ ಅವನೂ ಗೇಣು ಸರಿಯುತ್ತಿದ್ದ. ಈ ಅಭ್ಯಾಸ ನೆಲದ ಮೇಲೂ ಬಿಟ್ಟುಹೋಗಲಿಲ್ಲ. ಊಟಕ್ಕೆ ಕೂತಾಗಲೂ ಹಾಗೇ, ಜಗಲಿಯ ಮೇಲೂ ಹಾಗೇ.

"ಮನೆಯೇನೂ ಮಗುಚೋದಿಲ್ಲ, ಒಂದು ಕಡೆ ಕೂತ್ಕೊಳ್ರೋ" ಎಂದು ತಾಯಿ ನಗುತ್ತಿದ್ದಳು.

ಆ ಕಾಲದಲ್ಲಿ ಪರರಾಜ್ಯಕ್ಕೆ ಹೊರಟವರಿಗೆ ಅರಸನು ತಾಮ್ರದ ಬಿಲ್ಲೆ ಕೊಡುತ್ತಿದ್ದ. ಕೊರಳಿಗೆ ಕಟ್ಟಿಕೊಂಡ ಕೂಡಲೇ ಅದರ ಮೇಲೆ ಕಟ್ಟಿಕೊಂಡವರ ಮೊಗ ಮೂಡುತ್ತಿತ್ತು. ಹೊಳೆಯಾಚೆಯ ಮಂಜುಕೋಟೆಯ ಬಾಗಿಲಲ್ಲಿ ಎರಡು ಕಲ್ಲಿನ ಯಾಳಿಗಳಿದ್ದವು. ಸಿಂಹದ ಮೈ, ಆನೆಯ ಸೊಂಡಿಲು. ಅವು ಬಿಲ್ಲೆಯನ್ನು ಮೂಸಿ, ಮೊಗವನ್ನು ನೋಡಿ, ಎರಡೂ ಒಂದೇ ಆದರೆ ದಾರಿ ಬಿಡುತ್ತಿದ್ದವು. ಬಿಲ್ಲೆ ಇಲ್ಲದವರನ್ನು ನುಂಗುತ್ತಿದ್ದವು. ಬಿಲ್ಲೆಗೆ ಇನ್ನೊಂದು ಗುಣವಿತ್ತು. ಕದ್ದರೆ, ಕಸಿದರೆ ಅದು ಬರೀ ತಾಮ್ರ. ಒಡೆಯನೇ ಕೈಯಾರೆ ಕೊಟ್ಟರೆ ಬಿಲ್ಲೆಯ ಜೊತೆಗೆ ಅವನ ಮೊಗವೂ ದನಿಯೂ ಹೋಗಿಬಿಡುತ್ತಿದ್ದವು.

ಕನಕಪ್ಪ ಕೆಲಸಕ್ಕೆಂದು ಮಂಜುಕೋಟೆಗೆ ಹೋದವನು ವರ್ಷ ಕಳೆದರೂ ಬರಲಿಲ್ಲ. ಹುಲಿಗೆವ್ವ ತಾನೂ ಒಂದು ಬಿಲ್ಲೆ ಪಡೆದು ಅವನನ್ನು ಕರೆತರಲು ಹೊರಟಳು. ತಾಯಿ ಬಿಲ್ಲೆಯ ದಾರವನ್ನು ಎಳೆದೆಳೆದು ನೋಡಿ, ಗಂಟು ಬಿಗಿದಳು.

"ಕೇಳಿದವರಿಗೆಲ್ಲ ತೋರಿಸು. ಯಾರ ಕೈಗೂ ಕೊಡಬೇಡ. ಅವನಿಗೂ ಇದನ್ನೇ ಹೇಳಿದ್ದೆ" ಎಂದಳು.

ಯಾಳಿಗಳು ಮೂಸಿ ಒಳಗೆ ಬಿಟ್ಟವು. ಕೋಟೆಯೊಳಗೆ ಒಂದು ದೊಡ್ಡ ಕೆರೆ. ಕೆರೆಯ ನಡುಗಡ್ಡೆಯಲ್ಲಿ ಪರದೇಶಿಗಳು ಇಳಿಯುವ ಬಿಡಾರ. ಅಲ್ಲಿಗೆ ಹರಿಗೋಲಿನಲ್ಲೇ ಹೋಗಬೇಕು. ಬಿಡಾರದ ಆಳುಗಳನ್ನು ಕಂಡು ಹುಲಿಗೆವ್ವ ಹಿಂದಕ್ಕೆ ಸರಿದಳು. ಯಾರಿಗೂ ಮೊಗವಿರಲಿಲ್ಲ. ಕಣ್ಣು, ಮೂಗು, ಬಾಯಿ ಇರಬೇಕಾದ ಕಡೆ ಹೊಳೆಯ ಕಲ್ಲಿನಂತೆ ನುಣ್ಣಗಿತ್ತು. ಅವರಿಗೆ ದಾರಿ ಹೇಗೆ ಕಾಣುತ್ತಿತ್ತೋ, ತಡವರಿಸದೆ ಓಡಾಡುತ್ತಿದ್ದರು. ಅವರಲ್ಲೊಬ್ಬ ಅವಳ ಗಂಟನ್ನು ಹೊರಲು ಬಂದವನು, ಅವಳ ಕೊರಳ ಬಿಲ್ಲೆಯತ್ತ ಕೈ ಚಾಚಿದ. ಅವಳು ಆ ಕೈಗೆ ಫಟ್ಟನೆ ಹೊಡೆದು, ಬಿಲ್ಲೆಯನ್ನು ರವಿಕೆಯೊಳಗೆ ತುರುಕಿಕೊಂಡಳು. ಆಳು ಸುಮ್ಮನೆ ಕೈ ಇಳಿಬಿಟ್ಟ.

ಬಿಡಾರದಯ್ಯ ಎಂಬ ಧಣಿ ಬಾಗಿಲಿಗೇ ಬಂದ. ಕಾಲಿಗೆ ಬಿಸಿನೀರು ಕೊಡಿಸಿದ, ರಾಗಿ ಅಂಬಲಿ ಕುಡಿಸಿದ, ಊರು ಕೇರಿ ವಿಚಾರಿಸಿದ. ಇವಳು ಅಣ್ಣನ ಹೆಸರು ಹೇಳಿದಾಗ, ಹುಡುಕಿಸೋಣ ಬಿಡವ್ವ ಎಂದ. ಆಮೇಲೆ ಮೆಲ್ಲಗೆ, ಇಲ್ಲಿ ಕಳ್ಳರ ಕಾಟ, ಆ ಬಿಲ್ಲೆ ಕೊಟ್ಟಿರು, ನನ್ನ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ ಎಂದ. ಇಷ್ಟು ಉಪಚಾರ ಮಾಡುವವನಿಗೆ ಏನು ಬೇಕಾಗಿದೆ ಎಂದು ಹುಲಿಗೆವ್ವನಿಗೆ ಅನುಮಾನವಾಯಿತು. ನನ್ನ ಕೊರಳೂ ಭದ್ರವಾಗಿಯೇ ಇದೆ ಅಯ್ಯ, ಎಂದುಬಿಟ್ಟಳು.

ಅವಳು ಜಗಲಿಯ ಒಂದು ತುದಿಗೆ ಹೋಗಿ ಕೂತಳು. ಆ ಆಳು ಬಂದು ಇನ್ನೊಂದು ತುದಿಗೆ ಕೂತ. ಅವಳು ಸರಿದಳು. ಅವನೂ ಸರಿದ. ನನ್ನನ್ನು ಕಾಯಲು ಬಿಟ್ಟಿದ್ದಾರೆ ಎಂದುಕೊಂಡು ಅವಳು ಮುಖ ತಿರುಗಿಸಿದಳು.

ಅಷ್ಟರಲ್ಲಿ ಕಾವಲಿನವನೊಬ್ಬ ಈಟಿ ಕುಟ್ಟುತ್ತ ಬಂದ. ಬಿಲ್ಲೆ ಎಲ್ಲಿ, ಕೊಡು, ಪರೀಕ್ಷೆ ಮಾಡಬೇಕು, ಕೊಡದಿದ್ದರೆ ಸೆರೆಮನೆ ಎಂದು ಗದರಿದ. ಅವಳಿಗೆ ಹೆದರಿಕೆಯೇನೋ ಆಯಿತು. ಆದರೂ ದಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಿಲ್ಲೆಯನ್ನು ಅವನ ಮೂಗಿನ ತನಕ ಒಯ್ದಳು.

"ನೋಡಪ್ಪ. ನೋಡೋದು ಕಣ್ಣಲ್ಲಿ ತಾನೆ? ನಿನ್ನ ಕಣ್ಣೇನು ಅಂಗೈಯಲ್ಲಿದೆಯಾ?"

ಕಾವಲಿನವನು ಗೊಣಗುತ್ತ ಬಿಡಾರದೊಳಗೇ ಹೋದ. ಹೊರಗೆ ಹೋಗಬೇಕಾದವನು ಒಳಗೇಕೆ ಹೋದ ಎಂದು ಅವಳು ಯೋಚಿಸುತ್ತಿರುವಾಗಲೇ ಅದೇ ಬಾಗಿಲಿನಿಂದ ಕನಕಪ್ಪ ಹೊರಗೆ ಬಂದ.

ಅದೇ ಮೊಗ, ಅದೇ ದನಿ, ಹುಬ್ಬಿನ ಮೇಲೆ ಅದೇ ಗಾಯದ ಗುರುತು. ಹುಲಿಗೆವ್ವ ಅತ್ತುಬಿಟ್ಟಳು. ಅವನು ಬಂದು ಅವಳ ಪಕ್ಕದಲ್ಲಿ, ತೋಳಿಗೆ ತೋಳು ತಾಗುವಂತೆ ಕೂತು, ಬೆನ್ನು ಸವರಿದ.

"ಬಂದೆಯಲ್ಲ, ತಂಗಿ. ಇನ್ನು ನಿನಗೇನು ಚಿಂತೆ? ಆ ಬಿಲ್ಲೆ ನನಗೆ ಕೊಡು, ನಾನು ಕಾಪಾಡ್ತೀನಿ."

ಅಳು ಅಲ್ಲೇ ನಿಂತಿತು. ಪಕ್ಕದಲ್ಲಿ ಕೂತ ಅಣ್ಣನ ಬಿಸಿ ತೋಳು ಅವಳಿಗೆ ಹೊಸದು. ಹುಟ್ಟಿದಂದಿನಿಂದ ಅಣ್ಣ ಅವಳ ಪಕ್ಕದಲ್ಲಿ ಕೂತವನಲ್ಲ. ಅವಳು ಮೆಲ್ಲಗೆ ತಲೆಯೆತ್ತಿ ಜಗಲಿಯ ಆಚೆ ತುದಿಯನ್ನು ನೋಡಿದಳು. ಮೊಗವಿಲ್ಲದ ಆಳು ಅಲ್ಲೇ, ಅವಳಿಗೆ ಸರಿಯಾಗಿ ಎದುರು ಕೂತಿದ್ದ.

ಆದರೆ ಅದೂ ಒಂದು ಮಾಯೆಯಾಗಿದ್ದರೆ? ಈ ಊರಲ್ಲಿ ಯಾರನ್ನು ನಂಬುವುದು?

ಅವಳು ಕಣ್ಣೊರೆಸಿಕೊಂಡು ಹೇಳಿದಳು: "ಕೊಡ್ತೀನಿ ಅಣ್ಣ. ಮೊದಲು ಊರಿಗೆ ಹೊರಡೋಣ. ಹರಿಗೋಲು ದಡ ಮುಟ್ಟಲಿ, ನಿನ್ನ ಕೈಗೇ ಕೊಡ್ತೀನಿ. ಆ ಆಳು ನನ್ನ ಗಂಟು ಹೊತ್ತುಕೊಂಡು ಬರಲಿ."

ಮೂವರೂ ಹರಿಗೋಲು ಹತ್ತಿದರು. ಹುಲಿಗೆವ್ವ ಹುಟ್ಟು ಹಿಡಿದು ಕೂತಳು. ಅಣ್ಣನ ಮೊಗದವನು ಮತ್ತೆ ಅವಳ ಮಗ್ಗುಲಿಗೇ ಬಂದು ಅಂಚಿನ ಮೇಲೆ ಕೂತ. ಆಳು ಗಂಟಿನೊಡನೆ ನಡುವೆ ಕುಕ್ಕರಿಸಿದ. ಕೆರೆಯ ನಡುವೆ ನೀರು ಕಪ್ಪಗಿತ್ತು. ಅವಳು ಹುಟ್ಟನ್ನು ನಿಲ್ಲಿಸಿದಳು. ಇವರಿಬ್ಬರಲ್ಲಿ ನನ್ನಣ್ಣನಾದವನು ಆಚೆಗೆ ವಾಲುತ್ತಾನೆ, ಇಬ್ಬರೂ ಅಲ್ಲವಾದರೆ ನಾನೂ ಮುಳುಗುತ್ತೇನೆ ಎಂದುಕೊಂಡು, ತನ್ನ ಭಾರವನ್ನೆಲ್ಲ ತಾನಿದ್ದ ಅಂಚಿನ ಮೇಲೆ ಹಾಕಿದಳು.

ಹರಿಗೋಲು ವಾಲಿತು. ಪಕ್ಕದವನು ಹಿಂದಕ್ಕೆ ಜಾರಿ ನೀರಿಗೆ ಬಿದ್ದ. ಅದೇ ಗಳಿಗೆಗೆ ಆಳು ಎದುರಿನ ಅಂಚಿಗೆ ಹಾರಿ ಬೆನ್ನು ಚಾಚಿದ. ಹರಿಗೋಲು ಮಗುಚಲಿಲ್ಲ.

ನೀರಿಗೆ ಬಿದ್ದವನಿಗೆ ಈಜು ಬರುತ್ತಿರಲಿಲ್ಲ. ಅವನ ಸೊಂಟದಲ್ಲಿ ಬಿಲ್ಲೆಗಳ ದೊಡ್ಡ ಸರವಿತ್ತು. ಅದರ ಭಾರಕ್ಕೆ ಮುಳುಗುತ್ತ, ಏಳುತ್ತ, ಹರಿಗೋಲಿನ ಅಂಚು ಹಿಡಿದುಕೊಂಡ.

"ಹುಲಿಗಿ, ನಿನ್ನಣ್ಣನನ್ನೇ ಮುಳುಗಿಸ್ತೀಯಾ? ಅವ್ವನಿಗೆ ಏನು ಹೇಳ್ತೀಯ?"

ಅಣ್ಣನ ದನಿಯೇ ಅದು. ಅವಳ ಕೈ ಅವನತ್ತ ಹೋಯಿತು. ಎದುರಿನ ಅಂಚಿನಲ್ಲಿ ಮಾತಿಲ್ಲದೆ ಕೂತವನನ್ನು ಇನ್ನೊಮ್ಮೆ ನೋಡಿದಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಆ ಸರ ಬಿಚ್ಚಿ ಕೊಡು. ಭಾರ ಇಳಿಯಲಿ, ಆಮೇಲೆ ಎಳ್ಕೋತೀನಿ."

ಜೀವಭಯದಲ್ಲಿ ಅವನು ತನ್ನ ಮಾಯೆಯ ಕಟ್ಟಳೆಯನ್ನೇ ಮರೆತ. ಸರವನ್ನು ಬಿಚ್ಚಿ ಕೈಯಾರೆ ಅವಳಿಗೆ ಕೊಟ್ಟ. ಕೊಟ್ಟ ಕೂಡಲೇ ಅವನ ಮೇಲಿದ್ದ ಕನಕಪ್ಪನ ಮೊಗ ಹೋಯಿತು. ಅದರಡಿಯ ಕಾವಲಿನವನ ಮೊಗ ಹೋಯಿತು. ಅದರಡಿಯ ಬಿಡಾರದಯ್ಯನ ಮೊಗವೂ ಹೋಯಿತು. ಅದೂ ಯಾರದೋ ಮೊಗವೇ. ಅದರ ಕೆಳಗೆ ಯಾರೂ ಇರಲಿಲ್ಲ. ಅವಳು ಎಳೆದುಕೊಳ್ಳಲು ಕೈ ಚಾಚುವಷ್ಟರಲ್ಲಿ ಒಂದು ಖಾಲಿ ಅಂಗಿ ನೀರಿನ ಮೇಲೆ ತೇಲುತ್ತಿತ್ತು.

ಅವಳು ಸರದಿಂದ ಅಣ್ಣನ ಬಿಲ್ಲೆಯನ್ನು ಬಿಚ್ಚಿ ಆಳಿನ ಕೊರಳಿಗೆ ಕಟ್ಟಿದಳು. ಹುಬ್ಬು ಮೂಡಿತು, ಗಾಯದ ಗುರುತು ಮೂಡಿತು, ಕೊನೆಗೆ ಬಾಯಿ ಮೂಡಿತು.

"ಬಿಲ್ಲೆಯನ್ನು ಒಳಗೆ ಸೇರಿಸ್ಕೋ ಅಂತ ತೋರಿಸೋಕೆ ಬಂದರೆ ಕೈಗೆ ಹೊಡೀತೀಯಲ್ಲೇ" ಎಂದ ಕನಕಪ್ಪ.

ಬಿಡಾರಕ್ಕೆ ಮರಳಿ ಎಲ್ಲ ಆಳುಗಳಿಗೂ ಅವರವರ ಬಿಲ್ಲೆ ಕೊಟ್ಟರು. ಮೊಗ ಬಂದವರೆಲ್ಲ ಸಾಲಾಗಿ ಕೋಟೆಯ ಬಾಗಿಲಿಗೆ ನಡೆದರು. ಯಾಳಿಗಳು ಒಬ್ಬೊಬ್ಬರನ್ನೇ ಮೂಸಿ ದಾರಿ ಬಿಟ್ಟವು.

ಹೊಳೆಯಲ್ಲಿ ಊರಿನ ಕಡೆಗೆ ಬರುವಾಗ ಹುಲಿಗೆವ್ವನಿಗೆ ಇನ್ನೂ ಒಂದು ಚೂರು ಅನುಮಾನ ಉಳಿದಿತ್ತು. ಅಣ್ಣ ದಡದ ಕಡೆ ನೋಡುತ್ತಿದ್ದಾಗ ಅವಳು ಸದ್ದಿಲ್ಲದೆ ಒಂದು ಗೇಣು ಸರಿದಳು. ಅವನು ತಿರುಗಿಯೂ ನೋಡದೆ ಒಂದು ಗೇಣು ಸರಿದ.

ತಾಯಿ ಇಬ್ಬರನ್ನೂ ಕಂಡು ಬಿಲ್ಲೆ ಕೇಳಲಿಲ್ಲ, ಗುರುತೂ ಕೇಳಲಿಲ್ಲ. ಎದುರುಬದುರು ಕೂರಿಸಿ, ನಡುವೆ ತಾನು ಕೂತು ಉಣಬಡಿಸಿದಳು. ಅವರೆಲ್ಲ ಅವರವರ ಊರಿನಲ್ಲಿ, ಅವರವರ ಮೊಗದಲ್ಲಿ ಸುಖವಾಗಿದ್ದರು. ದುಡಿಯಲು ಬಂದ ಊರಿನಲ್ಲಿ ನಾವೂ ಸುಖವಾಗಿರೋಣ. ಬಿಲ್ಲೆ ಮಾತ್ರ ನಮ್ಮ ಕೊರಳಲ್ಲೇ ಇರಲಿ.