ಹದಿನಾರು ಮಿಲಿಮೀಟರ್ ಹೊಳೆ

"ನನ್ನ ಹುಡುಗಿ ಮೂಗು ಎಲ್ಲಿ ಹೋತ್ರಿ?"

ಮೂರು ವರ್ಷದ ಹಿಂದೆ ಹೊನ್ನಾಳಿಯ ಕಲ್ಲೇಶಪ್ಪನವರ ಮುದ್ರಣಾಲಯದ ಬಾಗಿಲಲ್ಲಿ ನಿಂತು ದುರ್ಗಾಂಬಿಕಾ ಆಡಿದ ಮೊದಲ ಮಾತು ಇದು. ಅವಳ ಕೈಯಲ್ಲಿ ಹೊಸ ಪುಸ್ತಕವಿತ್ತು. ಮುಖಪುಟದ ಚಿತ್ರ ಅವಳು ಬರೆದದ್ದು. ಪಕ್ಕಕ್ಕೆ ತಿರುಗಿ ನಿಂತಿದ್ದ ಹುಡುಗಿಯ ಮೂಗು ಮಡಿಕೆಗೆ ಸಿಕ್ಕಿ, ಪುಸ್ತಕದ ಬೆನ್ನಿನ ಮೇಲೆ ಹೋಗಿ ಕುಳಿತಿತ್ತು.

ಪುಟ ಜೋಡಿಸುವವನೂ ಮುಖಪುಟದ ಅಳತೆ ಕೊಡುವವನೂ ಕೊಟ್ರೇಶ್. ತಪ್ಪು ಅವನದೇ. ಕೊನೆಯ ಗಳಿಗೆಯಲ್ಲಿ ದಪ್ಪ ಕಾಗದ ಬಂದಿತು. ಬೆನ್ನಿನ ದಪ್ಪವನ್ನು, ಮುದ್ರಣದವರು ಸ್ಪೈನ್ ಎನ್ನುವುದನ್ನು, ಅವನು ತಿದ್ದಿರಲಿಲ್ಲ.

"ಎರಡೇ ಮಿಲಿಮೀಟರ್, ಮೇಡಂ" ಎಂದ.

"ನಿಮ್ಮ ಮೂಗಿನಾಗೆ ಎರಡು ಮಿಲಿಮೀಟರ್ ಕತ್ತರಿಸಿದ್ರೆ ಸುಮ್ನೆ ಇರ್ತಿದ್ರೇನ್ರಿ?"

ಅವನು ಅರಿವಿಲ್ಲದೆ ತನ್ನ ಮೂಗು ಮುಟ್ಟಿಕೊಂಡ. ಅವಳ ಕಣ್ಣಿನ ಕೋಪ ಅಲ್ಲಿಯೇ ಸಡಿಲವಾಯಿತು. ನಗುವನ್ನು ಮುಚ್ಚಲು ಅವಳು ಗೋಡೆಯ ಕ್ಯಾಲೆಂಡರನ್ನು ನೋಡಿದಳು. ಹೊರಡುವಾಗ ಹೊಸ್ತಿಲಲ್ಲಿ ತಿರುಗಿ, "ಇನ್ನೊಂದು ಸಲ ಅಳತೆ ತಪ್ಪಲಿ, ನಮ್ಮೂರು ಬಿಳಿಚೋಡಿನಿಂದ ಮತ್ತೆ ಬರ್ತೀನಿ ನೋಡ್ರಿ" ಎಂದಳು. ಅವಳ ನೋಟ ಮಾತು ಮುಗಿದ ಮೇಲೂ ಒಂದು ಕ್ಷಣ ಅವನ ಮೇಲೆ ಉಳಿದಿತ್ತು.

ಕೊಟ್ರೇಶ್ ಅದನ್ನು ಬೆದರಿಕೆ ಎಂದೇ ತಿಳಿದ.

ಅವನು ಕಟ್ಟುನಿಟ್ಟಿನ ಮನುಷ್ಯ. ಅಂಗಿಯ ಜೇಬಿನಲ್ಲಿ ಸದಾ ಒಂದು ಸ್ಟೀಲ್ ಸ್ಕೇಲ್. ಪುಸ್ತಕವನ್ನು ಬಿಚ್ಚಿ ಬೋರಲು ಹಾಕಿದರೆ ಬೆನ್ನು ಮುರಿಯುತ್ತದೆಂದು, ಹಾಗೆ ಮಾಡಿದವರು ಮಾಲೀಕರೇ ಆಗಲಿ, ಎದುರಿಗೇ ಎತ್ತಿ ನೆಟ್ಟಗಿಡುವವನು. ಅಂದಿನಿಂದ ಪ್ರತಿ ಪುಸ್ತಕಕ್ಕೂ ನೂರು ಹಾಳೆ ಜೋಡಿಸಿ, ಅದುಮಿ, ಮೂರು ಕಡೆ ಅಳೆದ. ಹತ್ತು ಪುಸ್ತಕಗಳಾದವು. ಒಂದರಲ್ಲಿಯೂ ಅಳತೆ ತಪ್ಪಲಿಲ್ಲ. ಅವಳೂ ಬರಲಿಲ್ಲ.

ಫೋನು ಮಾತ್ರ ಬರುತ್ತಿತ್ತು.

"ಸ್ಪೈನ್ ಎಷ್ಟು ರೀ?"

"ಹದಿಮೂರು, ಮೇಡಂ."

"ಅಷ್ಟೇನಾ?"

"ಅಷ್ಟೇ."

ಅವಳು ಫೋನ್ ಇಡುತ್ತಿದ್ದಳು. ಅವನು ಫೋನನ್ನು ಕಿವಿಯಿಂದ ತೆಗೆಯದೆ ನಿಂತಿರುತ್ತಿದ್ದ. ಆಮೇಲೆ, ಅವಳಿಗೆ ಅನುಮಾನವಿರಬೇಕೆಂದುಕೊಂಡು, ಹಾಳೆಗಳನ್ನು ಮತ್ತೊಮ್ಮೆ ಅಳೆಯುತ್ತಿದ್ದ.

ಮೂಗು ಹೋದದ್ದನ್ನೂ ಸೇರಿಸಿ ಹನ್ನೆರಡನೆಯದು ನ್ಯಾಮತಿಯ ನಿವೃತ್ತ ಮೇಷ್ಟ್ರು ತಿಪ್ಪೇರುದ್ರಸ್ವಾಮಿಯವರ ಕಥೆಗಳು. ದುರ್ಗಾಂಬಿಕಾ ಕರಡು ಚಿತ್ರ ಕಳುಹಿಸಿದ್ದಳು. ಅದೇ ದಿನ ಕಲ್ಲೇಶಪ್ಪನವರು ಕನ್ನಡಕ ಒರೆಸುತ್ತ ಹೇಳಿದರು.

"ಕೊಟ್ರೇಶಿ, ಇದೊಂದು ಮುಗೀಲಿ. ಮುಂದಿನ ಪುಸ್ತಕದಿಂದ ಕವರ್ ಕಂಪ್ಯೂಟರ್ರೇ ಬರ್ದುಕೊಡ್ತೈತೆ. ಆ ಹುಡುಗಿಗೆ ನೀನೇ ಒಂದು ಮಾತು ಹೇಳಿಬಿಡು."

"ಅವರಷ್ಟು ಚೆಂದ ಬರಲ್ಲ, ಸಾರ್."

"ಚೆಂದ ಯಾರು ಕೇಳ್ತಾರಪ್ಪ? ಒಂದು ನಿಮಿಷದಾಗೆ ಬರ್ತೈತೆ."

ಕೊಟ್ರೇಶ್ ತಲೆ ತಗ್ಗಿಸಿದ. ಅವಳ ದನಿ ಕೇಳಲು ಅವನಿಗಿದ್ದ ದಾರಿ ಒಂದೇ, ಆ ಒಂದು ಅಂಕಿ. ಇನ್ನು ಅದನ್ನು ಕೇಳುವವರಿಲ್ಲ. ಹೇಳಲು ಬೇರೇನನ್ನೂ ಅವನು ಕಲಿತಿರಲಿಲ್ಲ.

ಬೈಂಡಿಂಗ್ ಮಾಡುವ ಕೆಂಪಕ್ಕ ಕರಡನ್ನು ಮುದ್ರಿಸಿಕೊಂಡು, ಖಾಲಿ ಹಾಳೆಗಳ ಡಮ್ಮಿ ಪುಸ್ತಕಕ್ಕೆ ಹೊದಿಸಲು ಮೇಜಿನ ಮೇಲೆ ಹರಡಿದಳು. ಬಿಚ್ಚಿದ ಹಾಳೆಯಲ್ಲಿ ತುಂಬಿದ ಹೊಳೆ. ಮುಂದಿನ ರಟ್ಟಿಗೆ ಬರುವ ದಡದಲ್ಲಿ ಒಬ್ಬ ಹುಡುಗಿ. ಹಿಂದಿನ ರಟ್ಟಿನ ದಡದಲ್ಲಿ ಒಬ್ಬ ಗಂಡಸು. ಒಬ್ಬರ ಮುಖ ಒಬ್ಬರಿಗೆ. ನಡುವೆ ಬೆನ್ನಿನ ಉದ್ದಕ್ಕೂ ನೀರು.

"ಕೊಟ್ರೇಶಣ್ಣ, ಈ ಮನುಷ್ಯ ನಿಮ್ಮಂಗೇ ಅದಾನಲ್ಲ?"

"ಸುಮ್ನಿರು, ಕೆಂಪಕ್ಕ."

"ಹನ್ನೊಂದು ಪುಸ್ತಕ ಮಡಚಿದ ಕೈ ಇದು. ಎರಡನೇದರಿಂದ ಅದಾನೆ. ನೀವು ಹಿಂದ್ಗಡೆ ಬೆಲೆ ಹಾಕಾಕೆ ಜಾಗ ಐತೋ ಇಲ್ಲೋ ಅಂತ ನೋಡ್ತೀರೇ ಹೊರತು ಅವನ್ನ ಯಾವಾಗ ನೋಡೀರಿ?" ಅವಳು ಮಡಿಕೆಯ ಗೆರೆಯನ್ನು ಉಗುರಿನಿಂದ ಒತ್ತಿದಳು. "ಬರಿಯೋಳು ಜೋಡಿ ಮಾಡ್ತಾಳೆ. ನಾನು ಮಡಚಿ ಬೇರೆ ಮಾಡ್ತೀನಿ."

ಕೊಟ್ರೇಶ್ ಕಪಾಟಿನಿಂದ ಹಳೆಯ ಪುಸ್ತಕಗಳನ್ನು ಇಳಿಸಿದ. ಒಂದರ ಹಿಂದೆ ಕೊಡೆ ಹಿಡಿದವನು. ಒಂದರಲ್ಲಿ ಸೈಕಲ್ ನಿಲ್ಲಿಸಿಕೊಂಡವನು. ಮತ್ತೊಂದರಲ್ಲಿ ಹುಣಸೆಮರಕ್ಕೆ ಒರಗಿದವನು. ಹತ್ತು ಜನರ ಜೇಬಿನಲ್ಲಿಯೂ ಒಂದು ಸಣ್ಣ ಬಿಳಿಯ ಗೆರೆ ನೆಟ್ಟಗೆ ನಿಂತಿತ್ತು. ಅವನ ಕೈ ತನ್ನ ಜೇಬಿನ ಸ್ಕೇಲಿಗೆ ಹೋಯಿತು.

ಮೂರು ವರ್ಷ ಅವಳು ಕಳುಹಿಸಿದ ಎಲ್ಲವನ್ನೂ ಅವನು ಅಳೆದಿದ್ದ. ಒಂದನ್ನೂ ನೋಡಿರಲಿಲ್ಲ.

ಮುನ್ನೂರಿಪ್ಪತ್ತು ಪುಟಗಳೆಂದರೆ ನೂರರವತ್ತು ಹಾಳೆ. ನೂರು ಹಾಳೆಗೆ ಹತ್ತು ಮಿಲಿಮೀಟರಿನಂತೆ ಹೊಳೆಯ ಅಗಲ ಹದಿನಾರು. ಪುಟ ಕಡಿಮೆಯಾದರೆ ಹೊಳೆ ಕಿರಿದಾಗುತ್ತದೆ. ಕೊಟ್ರೇಶ್ ಅಕ್ಷರವನ್ನು ಸಣ್ಣದು ಮಾಡಿದ, ಸಾಲುಗಳನ್ನು ಒತ್ತರಿಸಿದ, ಖಾಲಿ ಪುಟಗಳನ್ನು ತೆಗೆದ. ಎರಡು ದಿನ ಹೆಣಗಿದ್ದಕ್ಕೆ ಹದಿನಾರು ಪುಟ ಕಡಿಮೆಯಾದವು. ಹೊಳೆ ಹದಿನೈದು ಬಿಂದು ಎರಡಕ್ಕೆ ಇಳಿಯಿತು. ಪುಟಗಳ ಕರಡು ನೋಡಿದ ಮೇಷ್ಟ್ರು ನ್ಯಾಮತಿಯಿಂದ ಫೋನ್ ಮಾಡಿ, "ಇಷ್ಟು ಸಣ್ಣ ಅಕ್ಷರ ನನಗೇ ಓದಾಕೆ ಆಗವಲ್ದು, ಮೊದಲಿನಂಗೇ ಮಾಡ್ರಿ" ಎಂದರು. ಹೊಳೆ ಮತ್ತೆ ಹದಿನಾರಾಯಿತು.

ಮಧ್ಯಾಹ್ನ ಅವಳ ಸಂದೇಶ ಬಂದಿತು. "ಸ್ಪೈನ್ ಎಷ್ಟು ರೀ?"

ಅವನು ಬರೆದ, ಅಳಿಸಿದ, ಮತ್ತೆ ಬರೆದ. ಹದಿನಾರು ಎಂದರೆ ಎಲ್ಲವೂ ಮುಗಿಯಿತು. ಬೇರೇನು ಹೇಳಬೇಕೆಂಬುದು ತಿಳಿಯದು. ಕಡೆಗೆ, ಜೀವಮಾನದಲ್ಲಿ ಮೊದಲ ಬಾರಿಗೆ, ತಿಳಿದೂ ತಿಳಿದೂ ತಪ್ಪು ಅಂಕಿ ಕೊಟ್ಟ.

"ಸ್ಪೈನ್: 0. ಇದು ನಮ್ಮ ಕೊನೆಯ ಕವರ್."

ಉತ್ತರದ ಬದಲು, ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಅವಳೇ ಬಂದಳು. ಅದೇ ಬಾಗಿಲು. ಮುಖದಲ್ಲಿ ಬಸ್ಸಿನ ಧೂಳು.

"ಲೆಕ್ಕ ತಪ್ಪೈತೆ."

"ಹೂಂ. ತಪ್ಪೈತೆ."

"ಮುನ್ನೂರಿಪ್ಪತ್ತು ಪುಟಕ್ಕೆ ಸೊನ್ನೆ ಹೆಂಗಾತ್ರಿ?"

"ಇರೋದು ಹದಿನಾರು. ನನಗೆ ಬೇಕಿದ್ದಿದ್ದು ಸೊನ್ನೆ." ಅವನು ಮೇಜನ್ನು ನೋಡುತ್ತ ಹೇಳಿದ. "ಕಡಿಮೆ ಮಾಡಾಕೆ ನೋಡಿದೆ, ಮೇಡಂ. ಸೊನ್ನೆ ಬಿಂದು ಎಂಟು ಕಡಿಮೆ ಆತು. ಅದಕ್ಕೂ ಮೇಷ್ಟ್ರು ಒಪ್ಪಲಿಲ್ಲ."

ಅವಳು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. "ತಪ್ಪಿದ್ರೆ ಬರ್ತೀನಿ ಅಂತ ಅವತ್ತೇ ಹೇಳಿದ್ದೆ. ಮೂರು ವರ್ಷದಾಗೆ ಒಂದ್ಸಲನಾದ್ರೂ ತಪ್ಪಬಾರದೇನ್ರಿ?"

"ಬೈಯಾಕೆ ಬರ್ತೀರಿ ಅಂತ ತಿಳ್ಕಂಡಿದ್ದೆ."

"ಬೈಯಾಕೆ ಫೋನ್ ಐತಲ್ರೀ. ಅದಕ್ಕೆ ಯಾರು ಎರಡು ಬಸ್ ಹತ್ತಿ ಬರ್ತಾರೆ?"

ಮುದ್ರಣಯಂತ್ರ ನಿಂತಿತ್ತು. ಕೆಂಪಕ್ಕ ಗೋಂದಿನ ಡಬ್ಬಿಯಲ್ಲಿ ಏನನ್ನೋ ಹುಡುಕುವವಳಂತೆ ಬಗ್ಗಿದಳು.

"ಇನ್ನು ಮ್ಯಾಲೆ ಕವರ್ ಇಲ್ಲ" ಎಂದ ಕೊಟ್ರೇಶ್. "ನಾನು ಎಷ್ಟು ಕೇಳಿದ್ರೂ ಸಾಹುಕಾರ್ರು ಒಪ್ಪಂಗಿಲ್ಲ. ಮಾತಾಡಾಕೆ ನನ್ನ ಹತ್ರ ಒಂದು ಅಳತೆನೂ ಉಳಿದಿಲ್ಲ, ಮೇಡಂ. ನೀವಿಲ್ದೆ ಹೆಂಗಿರಬೇಕೋ ಗೊತ್ತಾಗವಲ್ದು."

"ಮೊದ್ಲು ಮೇಡಂ ಅನ್ನೋದು ಬಿಡ್ರಿ."

"ದುರ್ಗಾಂಬಿಕಾ" ಎಂದ ಅವನು. ಹನ್ನೆರಡು ಪುಸ್ತಕಗಳ ಎರಡನೆಯ ಪುಟದಲ್ಲಿ, ಮುಖಪುಟ ಎಂಬ ಪದದ ಮುಂದೆ ಅವನೇ ಜೋಡಿಸಿದ ಹೆಸರು. ಬಾಯಲ್ಲಿ ಹೇಳಿದ್ದು ಅದೇ ಮೊದಲು.

ಅವಳು ಹೊಳೆಯ ಕವರ್ ಹೊದಿಸಿದ್ದ ಡಮ್ಮಿ ಪುಸ್ತಕವನ್ನು ಕೈಗೆತ್ತಿಕೊಂಡಳು.

"ಮಡಚಿದ್ರೆ ಅವರಿಬ್ರು ಒಬ್ಬರಿಗೊಬ್ರು ಕಾಣಲ್ಲ" ಎಂದ ಕೊಟ್ರೇಶ್. "ನನ್ನಿಂದೇನೂ ಮಾಡಾಕೆ ಆಗಲ್ಲ."

"ಓದೋರು ನಡುವೆ ಎದ್ದು ಹೋಗ್ತಾರಲ್ಲ, ಆಗ ಪುಸ್ತಕ ಹೆಂಗಿಡ್ತಾರೆ?"

ಅವಳು ಡಮ್ಮಿಯನ್ನು ಸರಿಯಾಗಿ ನಡುವೆ ಬಿಚ್ಚಿ ಅವನ ಕೈಗಿಟ್ಟಳು. ಅವನು ಅದನ್ನು ನೋಡಿದ, ಅವಳನ್ನು ನೋಡಿದ. ನಿಧಾನವಾಗಿ, ಮೇಜಿನ ಮೇಲೆ ಬೋರಲು ಹಾಕಿದ. ಎರಡು ದಡಗಳೂ ಮೇಲಕ್ಕೆ ಬಂದವು. ಈಚೆ ಅವಳು, ಆಚೆ ಅವನು, ನಡುವೆ ಹದಿನಾರು ಮಿಲಿಮೀಟರ್ ನೀರು.

"ಕೊಟ್ರೇಶಣ್ಣ, ಬೆನ್ನು ಮುರೀತೈತೆ" ಎಂದಳು ಕೆಂಪಕ್ಕ, ತಲೆ ಎತ್ತದೆ.

"ಮುರೀಲಿ ಬಿಡು, ಕೆಂಪಕ್ಕ."