ಮಣೆಯ ಮೇಲಿನ ವಿಭೂತಿ

ಕಾಶಿಗೆ ಹೊರಟಿದ್ದ ಬ್ಯಾಗು ಮಾಯವಾಗಿತ್ತು!

ಸೋಮವಾರ ಬೆಳಿಗ್ಗೆ ಹೊನ್ನೂರಿನ ಚನ್ನಮಲ್ಲಮ್ಮನವರ ಕೂಗಿಗೆ ಇಬ್ಬರು ಓಡಿದೆವು — ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಶಿವನಂಜಯ್ಯ ಮತ್ತು ಪಕ್ಕದ ಮನೆಯ ಶಾಲಾ ಮೇಷ್ಟ್ರು ನಾನು. ನಡುಮನೆಯಲ್ಲಿ ಬ್ಯಾಗಿಟ್ಟಿದ್ದ ಮಣೆ ಮಾತ್ರ ಉಳಿದಿತ್ತು. ಅದರ ಮೇಲೆ ಒಂದು ಚಿಟಿಕೆ ವಿಭೂತಿ ಉದುರಿತ್ತು. ಒರೆಸಲು ಬಗ್ಗಿದೆ.

"ಮುಟ್ಬ್ಯಾಡಿ ಮೇಷ್ಟ್ರೇ!"

ಪಿಂಚಣಿ ಬಂದರೂ ಗದರುವ ಪೊಲೀಸ್ ಚಟ ಹೋಗಿಲ್ಲ, ಪುಣ್ಯಾತ್ಮನಿಗೆ!

"ಮನೇಲಿ ಯಾರಿದ್ರವ್ವಾ?" ಶಿವನಂಜಯ್ಯ ಕೇಳಿದರು.

"ನಾನು ಕೊಟ್ಟಿಗೇಲಿದ್ದೆ. ಯಜಮಾನ್ರು ಒಳಗಿದ್ರು. ಗುರುವಾರ ಇಮಾನ ಕಣಪ್ಪ! ನಲವತ್ತು ವರ್ಸದ ಆಸೆ..." ಅವರ ಕಣ್ಣು ತುಂಬಿತು.

ಅಷ್ಟರಲ್ಲಿ ಫೋನು. ಕೊಳ್ಳೇಗಾಲದಿಂದ ಚನ್ನಮಲ್ಲಮ್ಮನವರ ಅಣ್ಣನ ಮಗ ಗುರುಪ್ರಕಾಶ್ — ಟಿಕೆಟ್ ಮಾಡಿಸಿದವನು.

"ಅತ್ತೆ, ಗುರುವಾರದ ಇಮಾನಾನೇ ನಿಲ್ಸವ್ರಂತೆ! ನಿಮ್ ಟಿಕೆಟ್ಟು ನಾಳೆ ಮಂಗಳವಾರಕ್ಕೆ ಬದಲಾಗದೆ!"

"ಮಂಗಳವಾರವಾ? ನಾನು ಒಸ್ತಿಲು ದಾಟಕಿಲ್ಲ ಕಣ್ಲಾ!"

ಚನ್ನಮಲ್ಲಮ್ಮ ಕುಸಿದು ಕೂತರು. ಹೋಗದಿದ್ದರೆ ಕಾಶಿಯ ಆಸೆ ಬಿಟ್ಟಂತೆಯೇ. ಶಿವನಂಜಯ್ಯ ಫೋನ್ ತೆಗೆದುಕೊಂಡರು.

"ಇಮಾನದೋರು ಮೊದ್ಲೇ ಯಾಕ್ಲಾ ಯೋಳ್ನಿಲ್ಲ?"

"ಅವ್ರತ್ರ ನಮ್ ನಂಬರ್ರೇ ಇಲ್ಲ ಸಾ. ಅಗ್ಗ ಅಂತ ಟ್ರಾವೆಲ್ ಸೈಟಲ್ಲಿ ತಕಂಡಿದ್ದೆ. ಅವ್ರು ಸೈಟಿಗೆ ಯೋಳವ್ರೆ. ಸೈಟೋರು ಶುಕ್ರವಾರ ಅತ್ತೆ ಮನೆಗೆ ಫೋನ್ ಮಾಡಿದ್ರಂತೆ — ಯಾರೋ ಒಪ್ಕಂಡವ್ರೆ!"

ಯಾರು? ಮನೆಗಿರುವುದು ಒಂದೇ ಫೋನು. ತನ್ನ ತಪ್ಪು ಮುಚ್ಚಿಕೊಳ್ಳಲು ಹುಡುಗನೇ ಕಥೆ ಕಟ್ಟುತ್ತಿದ್ದಾನೆ ಎಂದು ನನಗೆ ಗ್ಯಾರಂಟಿಯಾಯಿತು. ಶಿವನಂಜಯ್ಯ ಮಾತ್ರ ಮೂಲೆಯಲ್ಲಿ ಎಲೆಅಡಿಕೆ ಜಗಿಯುತ್ತಿದ್ದ ಯಜಮಾನ ಕೆಂಪನಂಜಪ್ಪನವರತ್ತ ತಿರುಗಿದರು.

"ಬ್ಯಾಗು ಯಾರ ಮನೇಲಿ ಮಡಗಿದ್ದೀರಿ?"

ಜಗಿಯುವುದು ನಿಂತಿತು. "...ಹಿಂದಿನ ಬೀದಿ ಮಾದಣ್ಣನ ಮನೇಲಿ."

ಶಿವನಂಜಯ್ಯ ನನ್ನತ್ತ ತಿರುಗಿದರು. "ಇಭೂತಿ ಹಚ್ಚಿ ಬ್ಯಾಗು ಒತ್ಕಂಡೋಗೋ ಕಳ್ಳ ಉಂಟಾ ಮೇಷ್ಟ್ರೇ? ಇದು ಪರಸ್ಥಾನ! ಒರಡೋ ದಿನ ಸರಿಯಿಲ್ದಿದ್ರೆ, ಒಳ್ಳೆ ದಿನ ನೋಡಿ ಗಂಟನ್ನ ಮೊದ್ಲೇ ಬೇರೆ ಮನೇಲಿ ಮಡಗ್ತೀವಿ. ಅಲ್ಲಿಗೆ ಪಯಣ ಸುರುವಾದಂಗೆ. ಗುರುವಾರ ಓಗೋರಿಗೆ ಪರಸ್ಥಾನ ಯಾಕೆ? ಮಂಗಳವಾರ ಅಂತ ಗೊತ್ತಿದ್ದೋರೇ ಮಡಗಿರ್ಬೇಕು. ಫೋನಲ್ಲಿ ಒಪ್ಕಂಡೋರೂ ಅವ್ರೇ!"

ಇಷ್ಟು ವರ್ಷ ಊರಲ್ಲಿ ಅದೇ ಪರಸ್ಥಾನ ನೋಡಿಕೊಂಡು ಬಂದ ನನಗೆ ಹೊಳೆಯಲಿಲ್ಲವಲ್ಲ, ಥೂ!

"ಒಪ್ದಿದ್ರೆ ಟಿಕೆಟ್ಟೇ ರದ್ದು ಅಂದ್ರು," ಕೆಂಪನಂಜಪ್ಪ ತಲೆ ತಗ್ಗಿಸಿದರು. "ಮಂಗಳವಾರ ಅಂದ್ರೆ ಇವ್ಳು ಒರಡಕಿಲ್ಲ. ಬ್ಯಾಗು ದಾಟ್ಸಿ ಆಮ್ಯಾಕೆ ಯೋಳಾನ ಅಂತಿದ್ದೆ. ಇವ್ಳ ಕಾಸಿ ತಪ್ಪಬಾರ್ದು ಅಂತ..."

ಚನ್ನಮಲ್ಲಮ್ಮ ಗಂಡನನ್ನೇ ದಿಟ್ಟಿಸಿದರು. ಆಮೇಲೆ ಕಣ್ಣೊರೆಸಿಕೊಂಡು ನಕ್ಕರು. ಆ ನಗು ಕಂಡು ನಮಗೆಲ್ಲ ಹಾಯೆನಿಸಿತು.

"ಬ್ಯಾಗು ದಾಟದೆ ಅಂದ್ಮ್ಯಾಕೆ ನಾಳೀಕೇ ಒರಟ್ವಿ! ಲೇ ಗುರುಪ್ರಕಾಶಾ, ವಾಪಸ್ ಬರೋ ಟಿಕೆಟ್ಟ ಇಮಾನದೋರತ್ರವೇ ತಕೋ. ಅವ್ರು ಯೋಳಾದ್ನ ನಂಗೇ ಯೋಳ್ಲಿ. ಮಧ್ಯೆ ಆ ಸೈಟೂ ಬ್ಯಾಡ, ಇವ್ರೂ ಬ್ಯಾಡ!"

ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬುತ್ತಿ ಕಟ್ಟಲು ಒಳಗೆ ಹೋದರು.