ಬೋರಲಾಗಿಟ್ಟ ಸೀಸೆಗಳು

ಸೋಮವಾರ ಬೆಳಗ್ಗೆ ಒಂಬತ್ತೂವರೆ. ಠಾಣೆಯ ಕಸ ಗುಡಿಸಿ ಇನ್ನೂ ಮುಗಿದಿರಲಿಲ್ಲ. ಕರಿಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಬಂದ ವಕೀಲೆ ದೂರಿನ ಹಾಳೆಯನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟು, ಕುಳಿತುಕೊಳ್ಳಿ ಎಂದರೂ ಕೂರದೆ ನಿಂತರು. ಹೊಳೆ ಉಳಿಸುವ ಸಂಘವನ್ನು ಕಟ್ಟಿ ನಡೆಸುತ್ತಿದ್ದವರು ಅವರೇ.

ದೂರು ಚಿಕ್ಕದು. ಬಣ್ಣದ ಕಾರ್ಖಾನೆ ಹೊಳೆಗೆ ವಿಷ ಬಿಡುತ್ತಿದೆ ಎಂಬ ಮೊಕದ್ದಮೆಯಲ್ಲಿ, ಕೋರ್ಟ್ ಕಮಿಷನರ್ ಶನಿವಾರ ಎರಡೂ ಕಡೆಯವರ ಎದುರು ಆರು ಸೀಸೆ ಹೊಳೆನೀರು ತೆಗೆದು ಅರಗಿನ ಮೊಹರು ಹಾಕಿದ್ದರು. ಭಾನುವಾರ ಪ್ರಯೋಗಾಲಯಕ್ಕೆ ರಜೆ. ಒಂದು ದಿನದ ಮಟ್ಟಿಗೆ ಸಂಘದ ಕಚೇರಿಯ ಫ್ರಿಜ್ಜಿನಲ್ಲಿಡಲು ಎಲ್ಲರೂ ಒಪ್ಪಿ ಸಹಿ ಹಾಕಿದ್ದರು. ಈಗ ಬಾಗಿಲು ತೆಗೆದು ನೋಡಿದರೆ ಸೀಸೆಗಳೆಲ್ಲ ಖಾಲಿ.

ದಫೇದಾರ ಹಾಳೆಯನ್ನು ಎರಡು ಸಲ ಓದಿದ. "ಹಾಲಿಗೆ ನೀರು ಹಾಕೋರನ್ನ ಹಿಡಿದಿದ್ದೀನಿ ಸಾರ್. ನೀರನ್ನೇ ಕದ್ದೋರನ್ನ ಇವತ್ತೇ ಕೇಳಿದ್ದು."

"ನಗಿ ದಫೇದಾರ್ರೇ," ಎಂದರು ವಕೀಲೆ. "ಬುಧವಾರ ಕೋರ್ಟಲ್ಲಿ ಅವರ ವಕೀಲರೂ ನಗ್ತಾರೆ. ನೀರು ಚೊಕ್ಕವಾಗಿತ್ತು, ಅದಕ್ಕೇ ಈಯಮ್ಮನೇ ಚೆಲ್ಲಿ ಬಾಯಿ ಬಡ್ಕೊಳ್ತಿದ್ದಾಳೆ ಅಂತಾರೆ. ಅವತ್ತಿಗೆ ತಡೆಯಾಜ್ಞೆ ಮುಗಿಯುತ್ತೆ. ಆಮೇಲೆ ಹಾಡಹಗಲೇ ಕೊಳವೆ ಬಿಡ್ತಾರೆ, ಕೇಳೋರಿರಲ್ಲ."

"ಯಾರ ಮೇಲಾದ್ರೂ ಅನುಮಾನ?"

"ಅನುಮಾನದ ಮೇಲೆ ನಾನು ಯಾರ ಹೆಸರೂ ಹೇಳಲ್ಲ. ಅದು ನಿಮ್ಮ ಕೆಲಸ."

ಹತ್ತು ಗಂಟೆಗೆ ಎಫ್‌ಐಆರ್ ಆಯಿತು. ಹತ್ತೂವರೆಗೆ ಪಂಚನಾಮೆಗೆ ಹೊರಟರು.

ಕಚೇರಿ ಎಂದರೆ ಔಷಧಿ ಅಂಗಡಿಯ ಮಹಡಿಯ ಮೇಲಿನ ಎರಡು ಕೋಣೆ. ಮುಂದಿನದರಲ್ಲಿ ಫೈಲುಗಳು, ಗೋಡೆಗೆ ಹೊಳೆಯ ನಕ್ಷೆ. ಹಿಂದಿನದರಲ್ಲಿ ಫ್ರಿಜ್ಜು, ತೊಳೆಯುವ ತೊಟ್ಟಿ, ಒಂದು ಕಡಪಾ ಕಲ್ಲಿನ ಕಟ್ಟೆ. ಬೀಗಕ್ಕೆ ಗೀರು ಬಿದ್ದಿರಲಿಲ್ಲ; ಕೀಲಿಕೈಯಿಂದಲೇ ತೆಗೆದದ್ದು.

ಕಟ್ಟೆಯ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಅದರ ಮೇಲೆ ಆರೂ ಸೀಸೆಗಳು ಬೋರಲಾಗಿ, ಸಾಲಾಗಿ ನಿಂತಿದ್ದವು. ಪ್ರತಿ ಸೀಸೆಯ ಬಲಕ್ಕೆ ಅದರದರ ಮುಚ್ಚಳ, ಬಾಯಿ ಮೇಲಾಗಿ. ಒಡೆದ ಅರಗಿನ ಚೂರುಗಳನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಪಕ್ಕಕ್ಕಿಟ್ಟಿತ್ತು.

ಇನ್ಸ್‌ಪೆಕ್ಟರ್ ಬಹಳ ಹೊತ್ತು ಅದನ್ನೇ ನೋಡಿದರು.

"ಎಂಥಾ ಮರ್ಯಾದಸ್ಥ ಕಳ್ಳ ಸಾರ್," ಎಂದ ದಫೇದಾರ. "ನಮ್ಮನೆಯಲ್ಲಿ ನಾನು ಲೋಟ ತೊಳೆದಿಟ್ಟರೂ ಇಷ್ಟು ಚಂದ ಇಡಲ್ಲ."

"ಕಾರ್ಖಾನೆಯೋರು ಕಳಿಸಿದ ಆಳಾಗಿದ್ರೆ ಏನು ಮಾಡ್ತಿದ್ದ?"

"ಒಡೆದು ಹಾಕ್ತಿದ್ದ. ಇಲ್ಲಾ ಹೊತ್ಕೊಂಡು ಹೋಗ್ತಿದ್ದ."

ಇನ್ಸ್‌ಪೆಕ್ಟರ್ ವಕೀಲೆಯ ಕಡೆ ತಿರುಗಿದರು. "ನಿಮ್ಮ ಸಂಘದಲ್ಲಿ ಸೀಸೆ ಹೀಗೇ ಒಣಗಿಸ್ತೀರಾ?"

"ಎಲ್ಲರೂ ಹೀಗೇ. ಮುಚ್ಚಳ ಬಲಕ್ಕೆ. ಒಂದರ ಮುಚ್ಚಳ ಇನ್ನೊಂದಕ್ಕೆ ಹೋಗಬಾರದು."

"ಕಲಿಸಿದ್ಯಾರು?"

ವಕೀಲೆ ಕಿಟಕಿಯ ಆಚೆ ನೋಡಿದರು. "ಮಾವ. ನನ್ನ ಸೋದರಮಾವ. ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದೋರು. ಊರಿಗೆಲ್ಲ ಕಾಂಪೌಂಡರ್ ಮಾವ."

"ಕೀಲಿಕೈ ಯಾರ ಹತ್ರ ಇದೆ?"

"ನನ್ನ ಹತ್ರ ಒಂದು, ಅವರ ಹತ್ರ ಒಂದು." ಕರಿಕೋಟನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡರು. "ಅವರ ಮಗ ಅದೇ ಕಾರ್ಖಾನೆಯಲ್ಲಿ ಪಾಳಿಯ ಮೇಲ್ವಿಚಾರಕ. ಕೊಳವೆಯ ವಾಲ್ವ್ ತಿರುಗಿಸೋದು ಅವನ ಕೈಕೆಳಗೇ. ನೀವು ಕೇಳೋಕೆ ಮುಂಚೆ ನಾನೇ ಹೇಳಿದ್ದೀನಿ. ಬರ್ಕೊಳ್ಳಿ."

ಮಧ್ಯಾಹ್ನ ಮೇಲಧಿಕಾರಿಯ ಕಚೇರಿಯಿಂದ ಫೋನು ಬಂತು. ಸಾಹೇಬರ ದನಿಯಲ್ಲಿ ಅವಸರವಿತ್ತು. "ಆರು ಬಾಟ್ಲಿ ನೀರಿಗೆ ಇಷ್ಟೊಂದು ಓಡಾಟ ಯಾಕ್ರೀ? ದೊಡ್ಡ ಜನ ಅವರು. ಪತ್ತೆ ಆಗಿಲ್ಲ ಅಂತ ಬರೆದು ಮುಗಿಸಿ."

"ಪತ್ತೆ ಆಗ್ತಾ ಇದೆ ಸಾರ್."

"ನಾನು ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು ಸಾರ್. ಹಾಗೇ ಬರೆದು ಮುಗಿಸಿ ಅಂತ ಲಿಖಿತ ಆದೇಶ ಕಳಿಸಿದ್ರೆ ಫೈಲಿಗೆ ಲಗತ್ತಿಸ್ತೀನಿ." ಫೋನು ಆ ಕಡೆಯಿಂದಲೇ ಕಡಿದುಹೋಯಿತು.

ಮಂಗಳವಾರ ಬೆಳಗ್ಗೆ ಎಂಟಕ್ಕೆ ಜೀಪು ಕಾಂಪೌಂಡರ್ ಮಾವನ ಮನೆಯ ಮುಂದೆ ನಿಂತಿತು. ಒಂಟಿ ಮನುಷ್ಯ. ಬಾಗಿಲು ತೆಗೆದೇ ಇತ್ತು. ಒಳಗೆ ಅಡುಗೆಕಟ್ಟೆಯ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಎರಡು ಲೋಟ, ಒಂದು ಔಷಧಿ ಸೀಸೆ, ಎಲ್ಲವೂ ಬೋರಲು. ಔಷಧಿ ಸೀಸೆಯ ಮುಚ್ಚಳ ಅದರ ಬಲಕ್ಕಿತ್ತು.

ದಫೇದಾರ ಅದನ್ನು ನೋಡಿ, ಯಾಕೋ ಟೊಪ್ಪಿಗೆ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ.

"ಭಾನುವಾರ ಸಂಜೆ ಎಲ್ಲಿದ್ರಿ?"

"ಸುತ್ತಿ ಬಳಸಿ ಕೇಳ್ಬೇಡಿ ಸಾಹೇಬ್ರೇ. ನಾನೇ ಚೆಲ್ಲಿದ್ದು."

"ಕಾರ್ಖಾನೆಯೋರು ಹೇಳಿದ್ರಾ?"

"ನನಗೆ ಹೇಳೋ ಮುಖ ಅವರಿಗೆಲ್ಲಿದೆ?" ಮುದುಕ ಬೆನ್ನು ನೆಟ್ಟಗೆ ಮಾಡಿದರು. "ಹನ್ನೊಂದು ವರ್ಷದಿಂದ ಅವರ ವಿರುದ್ಧ ಪರೀಕ್ಷೆಗೆ ನೀರು ಹೊತ್ತಿದ್ದೀನಿ."

"ಮತ್ತೆ?"

"ನೀರಲ್ಲಿ ವಿಷ ಸಿಕ್ಕಿದ್ರೆ ಮಾಲೀಕ ಒಳಗೆ ಹೋಗಲ್ಲ. ವಾಲ್ವ್ ತಿರುಗಿಸಿದೋನು ಹೋಗ್ತಾನೆ. ಪಾಳಿ ಪುಸ್ತಕದಲ್ಲಿ ಸಹಿ ಅವನದೇ ಇರುತ್ತೆ. ಅವನು ನನ್ನ ಮಗ."

"ಅವನಿಗೆ ಗೊತ್ತಾ?"

"ಇಲ್ಲ. ಮಾತು ಬಿಟ್ಟು ವರ್ಷವಾಯ್ತು."

ಇನ್ಸ್‌ಪೆಕ್ಟರ್ ಕಟ್ಟೆಯ ಮೇಲಿನ ಸೀಸೆಯ ಕಡೆ ಬೆರಳು ತೋರಿಸಿದರು. "ಚೆಲ್ಲಿದ್ದು ಸರಿ. ತೊಳೆದು ಯಾಕೆ ಇಟ್ರಿ? ಒಡೆದು ಹಾಕಿದ್ರೆ ನಿಮ್ಮ ತನಕ ಬರೋಕೆ ನಮಗೆ ದಾರಿನೇ ಇರ್ತಿರ್ಲಿಲ್ಲ."

ಮುದುಕ ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು. "ತೊಳೀದೆ ಇಡೋಕೆ ನನಗೆ ಬರಲ್ಲ."

ದಸ್ತಗಿರಿ ಪತ್ರಕ್ಕೆ ಅವರು ಸಹಿ ಹಾಕಿದರು. ಸುದ್ದಿ ತಿಳಿಸಲು ಇನ್ಸ್‌ಪೆಕ್ಟರ್ ವಕೀಲೆಗೆ ಫೋನು ಮಾಡಿದರೆ, ಅವರು ಆಗಲೇ ಸೇತುವೆಯ ಹತ್ತಿರವಿದ್ದರು.

"ಆಯ್ತು," ಎಂದರು. "ನೀವು ಈ ದಾರೀಲೇ ಬನ್ನಿ. ಸೀಸೆ ಖಾಲಿ ಅನ್ನೋ ಸುದ್ದಿ ಕಾರ್ಖಾನೆಗೆ ಮುಟ್ಟಿದೆ. ಧೈರ್ಯ ಬಂದಿದೆ ಅವರಿಗೆ. ಹೊಳೆ ನೋಡಿ."

ಕಾಂಪೌಂಡರ್ ಮಾವನನ್ನು ಹಿಂದೆ ಕೂರಿಸಿಕೊಂಡು ಜೀಪು ಅಲ್ಲಿ ಬಂದು ನಿಂತಾಗ ಹೊಳೆ ಕುಂಕುಮ ಕದಡಿದ ಹಾಗೆ ಹರಿಯುತ್ತಿತ್ತು. ಕೊಳವೆಯ ಬಾಯಲ್ಲಿ ನೊರೆ. ದಡದಲ್ಲಿ ವಕೀಲೆ, ಅವರ ಫೋನಿಗೆ ಓಡಿಬಂದ ಕೋರ್ಟ್ ಕಮಿಷನರ್, ಮತ್ತು ಕಾರ್ಖಾನೆಯ ಕಾವಲುಗಾರ.

"ಅಮ್ಮಾ, ಇಲ್ಲಿ ನಿಲ್ಲೋ ಹಾಗಿಲ್ಲ. ನಮ್ಮ ಜಾಗ ಇದು," ಎನ್ನುತ್ತಿದ್ದ ಕಾವಲುಗಾರ.

ವಕೀಲೆ ಚಪ್ಪಲಿ ಬಿಟ್ಟು ಮೊಣಕಾಲುದ್ದ ನೀರಿಗಿಳಿದರು. "ಈಗ ಎಲ್ಲಿ ನಿಂತಿದ್ದೀನಿ ಹೇಳಪ್ಪ. ಇದು ಯಾರ ಜಾಗ?"

ಕಾವಲುಗಾರ ಗೇಟಿನ ಕಡೆ ನೋಡಿದ.

ಪೊಲೀಸರೇ ಎದುರಿಗಿದ್ದುದರಿಂದ ಅಲ್ಲೇ ಹೊಸ ಪಂಚನಾಮೆ ಶುರುವಾಯಿತು. ಹನ್ನೊಂದೂಕಾಲು ಎಂದು ದಫೇದಾರ ಬರೆದುಕೊಂಡ. ವಕೀಲೆ ಜೀಪಿನ ಕಡೆ ಒಮ್ಮೆಯೂ ನೋಡಲಿಲ್ಲ. ಕಮಿಷನರ್ ಅವಸರದಲ್ಲಿ ಸೀಸೆಯನ್ನು ಮುಳುಗಿಸಿ, ತುಂಬಿಸಿ, ಮುಚ್ಚಳಕ್ಕೆ ಕೈ ಹಾಕಿದರು.

"ತೊಳೀರಿ ಸ್ವಾಮಿ."

ಜೀಪಿನ ಹಿಂಬದಿಯಿಂದ ಬಂದ ದನಿ. ಎಲ್ಲರೂ ತಿರುಗಿದರು. ಮುದುಕ ಕಂಬಿಯನ್ನು ಹಿಡಿದು ಮುಂದಕ್ಕೆ ಬಾಗಿದ್ದರು.

"ಅದೇ ನೀರಲ್ಲಿ ಮೂರು ಸಲ. ಆಮೇಲೆ ತುಂಬಿ. ಇಲ್ಲಾಂದ್ರೆ ನಾಳೆ ಸೀಸೆನೇ ಗಲೀಜಾಗಿತ್ತು ಅಂತಾರೆ."

"ಮಾವ," ಎಂದರು ವಕೀಲೆ, ಹೊಳೆಯನ್ನೇ ನೋಡುತ್ತ. "ಈಗ ಪಾಳಿಯಲ್ಲಿರೋದು ಅವನೇ."

"ಗೊತ್ತು. ಕಮಿಷನರಿಗೆ ಹೇಳು, ಮುಚ್ಚಳಾನೂ ತೊಳೀಬೇಕು."

ಒಮ್ಮೆ, ಇನ್ನೊಮ್ಮೆ, ಮತ್ತೊಮ್ಮೆ ಕೆಂಪು ನೀರು ಸೀಸೆಯೊಳಗೆ ಸುತ್ತಿ ಹೊರಗೆ ಬಿತ್ತು. ನಾಲ್ಕನೆಯ ಸಲ ಕುತ್ತಿಗೆಯವರೆಗೆ ತುಂಬಿತು. ಮುಚ್ಚಳ ಬಿಗಿಯಾಗಿ ಕೂತದ್ದನ್ನು ನೋಡಿದ ಮೇಲೆಯೇ ಮುದುಕ ಜೀಪಿನೊಳಕ್ಕೆ ಮುಖ ಎಳೆದುಕೊಂಡರು.

ಸಂಜೆ ಠಾಣೆಯಲ್ಲಿ ದಫೇದಾರ ಕೇಸ್ ಡೈರಿ ತೆರೆದು ಕೂತ. "ಉದ್ದೇಶ: ಮಗನನ್ನು ಕಾಪಾಡುವುದು" ಎಂದು ಬರೆದು ಪೆನ್ನು ನಿಲ್ಲಿಸಿದ.

"ಸಾರ್, ಹೊಳೆ ಹತ್ರ ಆಡಿದ ಮಾತು?"

"ಅದನ್ನೂ ಬರಿ," ಎಂದರು ಇನ್ಸ್‌ಪೆಕ್ಟರ್. "ಪಕ್ಕದಲ್ಲೇ ಬರಿ."